ರೋಬೋದ ಭುಜವೂ ತಲೆಯ ಮೇಲಿನ ಫ್ಯಾನೂ

ಮುಂಬೈ ಬಳಿಯ ಡೊಂಬಿವಲಿ ಪೂರ್ವದಲ್ಲಿ, ಸ್ಟೇಶನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಸಣ್ಣ ಅಂಗಡಿ ಗಾಳೆಯಲ್ಲಿ, ಮೋಟಾರ್ ವೈಂಡಿಂಗ್ ಮಾಡುವ ಕನ್ನಡಿಗರೊಬ್ಬರಿದ್ದಾರೆ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಗೋಡೆಯ ಮೊಳೆಗಳಲ್ಲಿ ಸುಟ್ಟ ಫ್ಯಾನ್ ಕಾಯಿಲ್‌ಗಳು ನೇತಾಡುತ್ತವೆ, ಮೇಜಿನ ಮೇಲೆ ಮಿಕ್ಸಿಯ ಆರ್ಮೇಚರ್‌ಗಳು ಸಾಲಾಗಿ ಮಲಗಿರುತ್ತವೆ, ಇಡೀ ಅಂಗಡಿಗೆ ವಾರ್ನಿಶಿನ ವಾಸನೆ ಅಂಟಿಕೊಂಡಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಕಸ ಗುಡಿಸುವ ರೋಬೋವನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ನಾನು ಅಲ್ಲಿಗೆ ಹೋಗಿದ್ದೆ. ಊರಿನಿಂದ ಅತ್ತೆಯವರು ತಂದ ಕೌದಿಯ ಅಂಚಿನ ದಾರ ಅದರ ಬದಿಯ ಬ್ರಷ್ಷಿಗೆ ಸುತ್ತಿಕೊಂಡು ಬ್ರಷ್ಷು ನಿಂತೇಹೋಗಿತ್ತು. ದಾರ ಬಿಡಿಸಿದರೂ ತಿರುಗಲಿಲ್ಲ. ಸರ್ವಿಸ್ ಸೆಂಟರಿನವರು ಕೆಳಭಾಗದ ಜೋಡಣೆಯನ್ನೇ ಇಡಿಯಾಗಿ ಬದಲಾಯಿಸಬೇಕೆಂದು ಹೇಳಿದ ಮೊತ್ತ ಯಂತ್ರದ ಬೆಲೆಯ ಅರ್ಧಕ್ಕೆ ಹತ್ತಿರವಿತ್ತು. ನಮ್ಮ ವೈಂಡಿಂಗಿನವರು ಹಳೆಯ ಮರಾಠಿ ಪತ್ರಿಕೆ ಹಾಸಿ ಅದನ್ನು ಬಿಚ್ಚಿದರು: ಗಾಲಿಗಳಿಗೆ ಎರಡು ಮೋಟಾರ್, ನಡುವಿನ ಉದ್ದ ಬ್ರಷ್ಷಿಗೆ ಒಂದು, ಬದಿಯ ಬ್ರಷ್ಷಿಗೆ ಒಂದು, ಮೇಲೆ ತಿರುಗುವ ಲೇಸರ್ ಕಣ್ಣಿಗೆ ಒಂದು, ಧೂಳು ಎಳೆಯುವ ಫ್ಯಾನಿಗೆ ಒಂದು. "ಆರು ಮೋಟಾರ್ ಅದಾವ್ರಿ ಸರ ಇದರಾಗ," ಎಂದರು. "ಐದು ನಮ್ಮವು, ಒಂದು ನಮ್ಮದಲ್ಲ."

ಆ ವಿಂಗಡಣೆ ನನಗೆ ಆಗ ತಮಾಷೆಯಾಗಿ ಕಂಡಿತು. ಮನೆಗೆಲಸದ ರೋಬೋಗಳ ಬಗ್ಗೆ ಬರುತ್ತಿರುವ ಸುದ್ದಿಗಳನ್ನು ಆಮೇಲೆ ಓದುತ್ತ ಹೋದಂತೆ, ಇಡೀ ಚರ್ಚೆಯಲ್ಲಿ ಕಾಣೆಯಾಗಿರುವುದು ಅದೇ ವಿಂಗಡಣೆ ಎಂದು ಅನ್ನಿಸತೊಡಗಿತು. 2025ರ ಅಕ್ಟೋಬರಿನಲ್ಲಿ ಒನ್‌ಎಕ್ಸ್ ಎಂಬ ಕಂಪನಿ ‘ನಿಯೋ’ ಎಂಬ ಮನುಷ್ಯಾಕಾರದ ಮನೆ ರೋಬೋವನ್ನು 20,000 ಡಾಲರಿಗೆ, ಇಲ್ಲವೇ ತಿಂಗಳಿಗೆ 499 ಡಾಲರ್ ಬಾಡಿಗೆಗೆ ಕೊಡುವುದಾಗಿ ಪ್ರಕಟಿಸಿತು. ಅದಕ್ಕೂ ಮೊದಲು, ಅದೇ ವರ್ಷದ ಜುಲೈಯಲ್ಲಿ, ಚೀನಾದ ಯೂನಿಟ್ರೀ ತನ್ನ ‘ಆರ್ 1’ ಎಂಬ, 26 ಕೀಲುಗಳ, ಸುಮಾರು 25 ಕೆ.ಜಿ. ತೂಕದ ರೋಬೋಗೆ 5,900 ಡಾಲರಿನಿಂದ ಬೆಲೆ ಆರಂಭವಾಗುತ್ತದೆಂದು ಹೇಳಿ ಎಲ್ಲರನ್ನೂ ಬೆರಗುಗೊಳಿಸಿತ್ತು. ಇವುಗಳ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಕೇಳಿದ್ದು ರೋಬೋಗೆ ಬುದ್ಧಿ ಎಷ್ಟಿದೆ, ಅದು ಪಾತ್ರೆಯನ್ನೂ ಪುಸ್ತಕವನ್ನೂ ಬೇರೆಬೇರೆ ಎಂದು ಗುರುತಿಸಬಲ್ಲದೆ ಎಂಬುದನ್ನು. ಪ್ರಶ್ನೆ ತಪ್ಪಲ್ಲ. ಆದರೆ ಬುದ್ಧಿಯ ಕೊರತೆಯನ್ನು ಸದ್ಯಕ್ಕೆ ಹೇಗೋ ತುಂಬಿಸಬಹುದು: ತನಗೆ ಬಾರದ ಕೆಲಸ ಎದುರಾದಾಗ ನಿಯೋವನ್ನು ದೂರದಲ್ಲಿ ಕುಳಿತ ಮನುಷ್ಯರೊಬ್ಬರು ನಡೆಸುತ್ತಾರೆಂದು ಕಂಪನಿಯೇ ಹೇಳಿಕೊಂಡಿದೆ. ಕೀಲಿನಲ್ಲಿರುವ ಮೋಟಾರಿಗೆ ಕಸುವು ಸಾಲದಿದ್ದರೆ, ಅಥವಾ ಅದು ಹತ್ತು ನಿಮಿಷದಲ್ಲಿ ಕಾದುಹೋದರೆ, ಅದನ್ನು ದೂರದಿಂದ ಯಾರೂ ತುಂಬಿಕೊಡಲಾರರು. ಮನೆ ರೋಬೋ ನಮ್ಮ ಮನೆಗಳಿಗೆ ಬರುವುದೋ ಇಲ್ಲವೋ, ಬಂದರೆ ಯಾವ ರೂಪದಲ್ಲಿ, ಎಷ್ಟು ದಿನ ಬಾಳುವಂತೆ ಬರುತ್ತದೆ ಎಂಬುದು ಬಹುಮಟ್ಟಿಗೆ ಈ ಮೋಟಾರಿನ ಮೇಲೆ ನಿಂತಿದೆ ಎಂಬುದು ನನ್ನ ವಾದ.

ವೈಂಡಿಂಗಿನವರು ‘ನಮ್ಮವು’ ಎಂದದ್ದು ಕಾರ್ಬನ್ ಇರುವ ಮೋಟಾರ್‌ಗಳನ್ನು. ವಿದ್ಯುತ್ ಹರಿಯುವ ತಂತಿಯನ್ನು ಆಯಸ್ಕಾಂತದ ಬಳಿ ಇಟ್ಟರೆ ಅದು ಸುತ್ತತೊಡಗುತ್ತದೆ ಎಂಬುದನ್ನು ಮೈಕೆಲ್ ಫ್ಯಾರಡೆ 1821ರಲ್ಲೇ ತೋರಿಸಿದ್ದರು. ಆ ಸುತ್ತು ನಿಲ್ಲದೆ ಮುಂದುವರಿಯಬೇಕಾದರೆ, ತಂತಿಯ ಸುರುಳಿ ಅರ್ಧ ಸುತ್ತು ತಿರುಗಿದಾಗಲೆಲ್ಲ ಅದರೊಳಗಿನ ಪ್ರವಾಹದ ದಿಕ್ಕನ್ನು ಬದಲಿಸುತ್ತಿರಬೇಕು. ಹಳೆಯ ಬಗೆಯ ಮೋಟಾರಿನಲ್ಲಿ ಈ ಕೆಲಸವನ್ನು ತಿರುಗುವ ತಾಮ್ರದ ಪಟ್ಟಿಗಳೂ ಅವುಗಳಿಗೆ ಒತ್ತಿಕೊಂಡಿರುವ ಎರಡು ಕಾರ್ಬನ್ ತುಂಡುಗಳೂ (ಇವುಗಳನ್ನೂ ಬ್ರಷ್ ಎಂದೇ ಕರೆಯುತ್ತಾರೆ) ಮಾಡುತ್ತವೆ. ಮಿಕ್ಸಿ ಓಡುವಾಗ ಕೆಳಗಿನ ಜಾಲರಿಯೊಳಗೆ ಕಾಣುವ ನೀಲಿ ಕಿಡಿ, ಉದ್ದಿನಬೇಳೆ ಗಟ್ಟಿಯಾದಾಗ ಬರುವ ಆ ಕಮಟು ವಾಸನೆ, ಎರಡೂ ಅಲ್ಲಿಂದಲೇ ಬರುತ್ತವೆ. ಕಾರ್ಬನ್ ಸವೆಯುತ್ತದೆ, ಹೊಸದನ್ನು ಹಾಕಿಸಿಕೊಳ್ಳುತ್ತೇವೆ. ಕಾಯಿಲ್ ಸುಟ್ಟರೆ ಮತ್ತೆ ಕಟ್ಟಿಸುತ್ತೇವೆ. ಮುಂಬೈಗೂ ಈ ಮೋಟಾರಿಗೂ ಹಳೆಯ ನಂಟಿದೆ: ಒದ್ದೆ ಅಕ್ಕಿಬೇಳೆಯನ್ನೂ ಅರಿಸಿನ ಕೊಂಬನ್ನೂ ಅರೆಯಲು ಹೋಗಿ ವಿದೇಶಿ ಮಿಕ್ಸರ್‌ಗಳ ಮೋಟಾರ್ ಸುಟ್ಟುಹೋಗುತ್ತಿದ್ದ ಕಾಲದಲ್ಲಿ, 1960ರ ದಶಕದಲ್ಲಿ, ನಮ್ಮ ಅಡುಗೆಗೆ ತಾಳಿಕೊಳ್ಳುವ ‘ಸುಮೀತ್’ ಮಿಕ್ಸಿಯನ್ನು ರೂಪಿಸಿದ ಸತ್ಯಪ್ರಕಾಶ್ ಮಾಥುರ್ ಇದೇ ಊರಿನಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್. ಹೊರದೇಶದ ಅಡುಗೆಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯಂತ್ರ ನಮ್ಮಲ್ಲಿಗೆ ಬಂದಾಗ ಮೊದಲು ಕೈಕೊಡುವುದು ಮೋಟಾರೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

‘ನಮ್ಮದಲ್ಲ’ ಎಂದದ್ದು ಕಾರ್ಬನ್ ಇಲ್ಲದ ಮೋಟಾರನ್ನು, ಅಂಗಡಿಗಳಲ್ಲಿ ಬಿಎಲ್‌ಡಿಸಿ ಎಂಬ ಹೆಸರಿನಲ್ಲಿ ಸಿಗುವುದನ್ನು. ಇದರಲ್ಲಿ ತಂತಿಯ ಸುರುಳಿಗಳು ಕದಲುವುದಿಲ್ಲ, ಆಯಸ್ಕಾಂತಗಳೇ ತಿರುಗುತ್ತವೆ. ಯಾವ ಸುರುಳಿಗೆ ಯಾವ ಗಳಿಗೆಯಲ್ಲಿ ಎಷ್ಟು ಪ್ರವಾಹ ಹರಿಯಬೇಕೆಂಬುದನ್ನು ಒಂದು ಎಲೆಕ್ಟ್ರಾನಿಕ್ ಬೋರ್ಡ್ ಸೆಕೆಂಡಿಗೆ ಸಾವಿರಾರು ಬಾರಿ ಲೆಕ್ಕ ಹಾಕಿ ತೀರ್ಮಾನಿಸುತ್ತದೆ. ಉಜ್ಜುವುದು ಇಲ್ಲದ್ದರಿಂದ ಕಿಡಿಯಿಲ್ಲ, ಸವೆತ ಕಡಿಮೆ, ಸದ್ದೂ ಕಡಿಮೆ. ನಮ್ಮ ಮನೆಗಳಲ್ಲಿ ಈ ಮೋಟಾರು ಮೊದಲು ದೊಡ್ಡ ಪ್ರಮಾಣದಲ್ಲಿ ಬಂದು ಕುಳಿತದ್ದು ರೋಬೋದಲ್ಲಲ್ಲ, ತಲೆಯ ಮೇಲಿನ ಫ್ಯಾನಿನಲ್ಲಿ. ಕಂಡೆನ್ಸರ್ ಇರುವ ಹಳೆಯ ಇಂಡಕ್ಷನ್ ಫ್ಯಾನ್ 70ರಿಂದ 80 ವ್ಯಾಟ್ ಎಳೆಯುವ ಕಡೆ ಬಿಎಲ್‌ಡಿಸಿ ಫ್ಯಾನ್ 28ರಿಂದ 35 ವ್ಯಾಟಿನಲ್ಲಿ ಅಷ್ಟೇ ಗಾಳಿ ಬೀಸುತ್ತದೆ. ಐಐಟಿ ಬಾಂಬೆಯ ಹಳೆಯ ವಿದ್ಯಾರ್ಥಿಗಳು ಕಟ್ಟಿದ ಆಟಂಬರ್ಗ್ ಕಂಪನಿ ಇವನ್ನು ಮನೆಮಾತಾಗಿಸಿತು. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಲೇಬಲ್ ಕಡ್ಡಾಯವಾದ ಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. (ನಾವು ದಿನಾ ಹತ್ತುವ ಲೋಕಲ್ ರೈಲುಗಳೂ ಕಾರ್ಬನ್ ಬ್ರಷ್ಷಿನ ಹಳೆಯ ಮೋಟಾರ್‌ಗಳನ್ನು ಬಿಟ್ಟು ಬ್ರಷ್ಷಿಲ್ಲದ ಮೂರು ಫೇಸಿನ ಇಂಡಕ್ಷನ್ ಮೋಟಾರ್‌ಗಳಿಗೆ ದಾಟಿವೆ. ಆ ಬದಲಾವಣೆ ಕಿವಿಗೆ ಕೇಳಿಸಿತಾದರೂ ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ.)

ಆ ಫ್ಯಾನಿನ ನಡುವಿನ ಡಬ್ಬಿಯೊಳಗೆ ಸುರುಳಿಗಳು ಒಳಗಿವೆ, ಅವುಗಳನ್ನು ಸುತ್ತುವರಿದ ಆಯಸ್ಕಾಂತದ ಉಂಗುರ ಹೊರಗೆ ತಿರುಗುತ್ತದೆ. ಮೋಟಾರು ಉದ್ದಕ್ಕಿಂತ ಅಗಲ ಹೆಚ್ಚು, ತಟ್ಟೆಯಂತೆ ಚಪ್ಪಟೆ. ಇಂದಿನ ಬಹಳಷ್ಟು ರೋಬೋಗಳ ಭುಜದಲ್ಲಿ, ಮೊಣಕಾಲಿನಲ್ಲಿ ಕೂತಿರುವುದು ಇದೇ ವಂಶದ ಮೋಟಾರು. ಅಗಲವೇ ಯಾಕೆ ಎಂಬುದಕ್ಕೆ ಕಾರಣ ಸರಳ: ಮೋಟಾರಿನ ಉದ್ದವನ್ನು ಇಮ್ಮಡಿ ಮಾಡಿದರೆ ಅದರ ಟಾರ್ಕ್, ಅಂದರೆ ತಿರುಗಿಸುವ ಬಲ, ಇಮ್ಮಡಿಯಾಗುತ್ತದೆ, ಅಗಲವನ್ನು ಇಮ್ಮಡಿ ಮಾಡಿದರೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಿದ್ದರೆ ಫ್ಯಾನಿಗೆ ಸಿಕ್ಕ ಮೋಟಾರು ರೋಬೋಗೂ ಸಿಕ್ಕಿತಲ್ಲ, ಇನ್ನೇನು ತೊಂದರೆ?

ತೊಂದರೆ ಎಷ್ಟು ದೊಡ್ಡದೆಂಬುದು ಕಾಗದದ ಮೇಲೆ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಐದು ಕೆ.ಜಿ. ಗೋಧಿಹಿಟ್ಟಿನ ಚೀಲವನ್ನು ಕೈ ಚಾಚಿ, ಭುಜದಿಂದ 60 ಸೆಂಟಿಮೀಟರ್ ದೂರದಲ್ಲಿ ಹಿಡಿದುಕೊಂಡರೆ, ಕೈಯ ಸ್ವಂತ ತೂಕವನ್ನು ಬಿಟ್ಟೇ, ಭುಜದ ಕೀಲು ತಡೆಯಬೇಕಾದ ಟಾರ್ಕ್ ಸುಮಾರು 30 ನ್ಯೂಟನ್ ಮೀಟರ್. ನಿಮಿಷಕ್ಕೆ 350 ಸುತ್ತಿನ, 28 ವ್ಯಾಟಿನ ಫ್ಯಾನ್ ಕೊಡುವುದು ಹೆಚ್ಚೆಂದರೆ ಮುಕ್ಕಾಲು ನ್ಯೂಟನ್ ಮೀಟರ್. ಅಂದರೆ ಆ ಒಂದು ಚೀಲಕ್ಕೆ ನಲವತ್ತು ಫ್ಯಾನ್ ಬೇಕು. 750 ವ್ಯಾಟಿನ ಮಿಕ್ಸಿಯಾದರೂ ಗಟ್ಟಿಯಾಗಿರಬಹುದೆಂದು ಅಂದುಕೊಂಡರೆ ಅದರ ಲೆಕ್ಕ ಇನ್ನೂ ವಿಚಿತ್ರ: ನಿಮಿಷಕ್ಕೆ 18,000 ಸುತ್ತು ತಿರುಗುವಾಗ ಅದರಿಂದ ಸಿಗುವುದು 0.4 ನ್ಯೂಟನ್ ಮೀಟರಿಗಿಂತ ಹೆಚ್ಚಿಲ್ಲ, ಭಾರ ಬಿದ್ದು ವೇಗ ಕುಸಿದಾಗ ಒಂದಿಷ್ಟು ಏರುತ್ತದೆ. ವ್ಯಾಟ್ ಎಂಬುದು ಬಲ ಮತ್ತು ವೇಗಗಳ ಗುಣಲಬ್ಧ. ಮೋಟಾರುಗಳು ಹುಟ್ಟಿನಿಂದಲೇ ವೇಗದಲ್ಲಿ ಮುಂದು, ಬಲದಲ್ಲಿ ಹಿಂದು. ಮನುಷ್ಯನ ತೋಳು ಅದಕ್ಕೆ ತಿರುವುಮುರುವು. ಗುಡಿಸುವ ರೋಬೋ ಇಪ್ಪತ್ತು ವರ್ಷದ ಹಿಂದೆಯೇ ಸಾಧ್ಯವಾಗಿ (ಅಮೆರಿಕದ ಐರೋಬೋಟ್ ಕಂಪನಿಯ ‘ರೂಂಬಾ’ ಮಾರುಕಟ್ಟೆಗೆ ಬಂದದ್ದು 2002ರಲ್ಲಿ), ಪಾತ್ರೆ ಎತ್ತಿಡುವ ರೋಬೋ ಇನ್ನೂ ಪ್ರದರ್ಶನದ ಹಂತದಲ್ಲಿರುವುದಕ್ಕೆ ಇದು ಒಂದು ಮುಖ್ಯ ಕಾರಣ: ಮೊದಲನೆಯದು ನೆಲದ ಮೇಲೆ ಉರುಳುತ್ತದೆ, ಭಾರ ಎತ್ತುವ ಪ್ರಸಂಗವೇ ಅದಕ್ಕೆ ಬರುವುದಿಲ್ಲ.

ವೇಗವನ್ನು ಬಲಕ್ಕೆ ಬದಲಿಸಿಕೊಳ್ಳುವ ಹಳೆಯ ಉಪಾಯ ಗೇರು, ಅಂದರೆ ಹಲ್ಲಿನ ಚಕ್ರಗಳ ಜೋಡಣೆ. ನೂರು ಸುತ್ತನ್ನು ಒಂದು ಸುತ್ತಿಗೆ ಇಳಿಸಿದರೆ, ಘರ್ಷಣೆಯಲ್ಲಿ ಹೋಗುವುದನ್ನು ಬಿಟ್ಟು, ಬಲ ನೂರು ಪಟ್ಟಾಗುತ್ತದೆ; ಸಣ್ಣ ಮೋಟಾರೂ ಚೀಲ ಎತ್ತುತ್ತದೆ. ಕಾರ್ಖಾನೆಯ ರೋಬೋಗಳು ದಶಕಗಳಿಂದ ಹೀಗೆಯೇ ನಡೆದಿವೆ. 1950ರ ದಶಕದಲ್ಲಿ ಅಮೆರಿಕದ ವಾಲ್ಟನ್ ಮಸ್ಸರ್ ಕಂಡುಹಿಡಿದ, ಬಾಗುವ ತೆಳು ಉಕ್ಕಿನ ಬಟ್ಟಲನ್ನು ಬಳಸುವ ಹಾರ್ಮೋನಿಕ್ ಡ್ರೈವ್ ಎಂಬ ಗೇರು ಅಂಗೈಯಷ್ಟು ಜಾಗದಲ್ಲಿ ಇಂಥ ಇಳಿಕೆಯನ್ನು ಕೊಡುತ್ತದೆ, ಮತ್ತು ಅದಕ್ಕೆ ತಕ್ಕ ಬೆಲೆಯನ್ನೂ ಕೇಳುತ್ತದೆ. ಆದರೆ ಮನೆಗೆ ಬಂದಾಗ ಈ ಉಪಾಯದ ಇನ್ನೊಂದು ಮುಖ ಕಾಣಿಸುತ್ತದೆ. ಗೇರು ಬಲವನ್ನು ನೂರು ಪಟ್ಟು ಮಾಡಿದರೆ, ಒಳಗೆ ಭರದಿಂದ ತಿರುಗುತ್ತಿರುವ ರೋಟರಿನ ಜಡತ್ವವನ್ನು ಹೊರಗಿನವರಿಗೆ ನೂರರ ವರ್ಗದಷ್ಟು, ಅಂದರೆ ಹತ್ತು ಸಾವಿರ ಪಟ್ಟು, ಹಿಗ್ಗಿಸಿ ತೋರಿಸುತ್ತದೆ. ಅಂಥ ತೋಳು ಮಗುವಿನ ತಲೆಗೆ ತಗಲಿದರೆ ಬಡಿಯುವುದು ತೋಳಿನ ತೂಕ ಮಾತ್ರವಲ್ಲ, ಒಳಗಿನ ಮೋಟಾರಿನ ಅಷ್ಟೂ ಓಟ. ಕೈಯಿಂದ ಹಿಂದಕ್ಕೆ ತಳ್ಳಿದರೆ ಅದು ಮಣಿಯುವುದೂ ಇಲ್ಲ. ಕಾರ್ಖಾನೆಯಲ್ಲಿ ಈ ಸಮಸ್ಯೆಯನ್ನು ಬೇಲಿ ಹಾಕಿ ಬಗೆಹರಿಸಿದರು. 400 ಚದರಡಿಯ ಮನೆಯಲ್ಲಿ ಬೇಲಿ ಹಾಕಿದರೆ ಮನೆಯವರು ಎಲ್ಲಿ ನಿಲ್ಲಬೇಕು?

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸಾಂಗ್‌ಬೇ ಕಿಮ್ ಅವರ ತಂಡ ‘ಚೀತಾ’ ಎಂಬ ನಾಲ್ಕು ಕಾಲಿನ ರೋಬೋಗಾಗಿ ಹುಡುಕಿದ ದಾರಿ ಈ ಗಂಟನ್ನು ಸಡಿಲಿಸಿತು. ಗೇರಿನ ಇಳಿಕೆಯನ್ನು ಆರರಿಂದ ಎಂಟರ ಆಸುಪಾಸಿಗೆ ತಂದು, ಕಳೆದುಕೊಂಡ ಬಲವನ್ನು ಅಗಲವಾದ ಮೋಟಾರಿನಿಂದಲೇ ಪಡೆಯುವುದು ಅವರ ಯೋಚನೆ. ಆಗ ಕೀಲು ಹೊರಗಿನ ತಳ್ಳಾಟಕ್ಕೆ ಮಣಿಯುತ್ತದೆ, ಮತ್ತು ಮೋಟಾರು ಎಳೆಯುತ್ತಿರುವ ಪ್ರವಾಹವನ್ನು ಅಳೆದೇ ಎದುರಿಗಿರುವುದು ಎಷ್ಟು ಒತ್ತುತ್ತಿದೆ ಎಂಬುದನ್ನು ತಿಳಿಯಬಹುದು. ಅದೇ ಪ್ರಯೋಗಾಲಯದ ಬೆನ್ ಕ್ಯಾಟ್ಜ್ ಮಿನಿ ಚೀತಾಕ್ಕಾಗಿ ಹವ್ಯಾಸಿ ಡ್ರೋನ್ ಮೋಟಾರಿನ ಭಾಗಗಳಿಂದಲೇ ಇಂಥ ಕೀಲನ್ನು ಅಗ್ಗವಾಗಿ ಕಟ್ಟಿ, ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಬಗೆಯ ಕೀಲುಗಳು ಚೀನಾದ ಹಲವು ಕಾರ್ಖಾನೆಗಳಿಂದ ಸಿದ್ಧ ಸರಕಾಗಿ ಹೊರಬರತೊಡಗಿದವು. ಇಂದಿನ ರೋಬೋಗಳ ಬೆಲೆ ಇಳಿದುದರಲ್ಲಿ ಕೃತಕ ಬುದ್ಧಿಮತ್ತೆಯ ಪಾಲಿಗಿಂತ ಈ ಕೀಲಿನ ಪಾಲೇ ದೊಡ್ಡದೆಂದು ನನಗನ್ನಿಸುತ್ತದೆ. ನಿಯೋ ಇನ್ನೊಂದು ದಾರಿ ಹಿಡಿದಿದೆ: ಅದರ ಮೋಟಾರುಗಳು ಹುರಿಗಳನ್ನು ಎಳೆಯುತ್ತವೆ, ನಮ್ಮ ಸ್ನಾಯುಗಳು ಮೂಳೆಯನ್ನು ಎಳೆಯುವ ಹಾಗೆ. ಅದರ ತೂಕ ಸುಮಾರು 30 ಕೆ.ಜಿ. ಎಂದು ಕಂಪನಿ ಹೆಮ್ಮೆಯಿಂದ ಹೇಳುತ್ತದೆ. ಮನುಷ್ಯಾಕಾರದ ರೋಬೋಗಳ ಪೈಕಿ ಅದು ನಿಜಕ್ಕೂ ಹಗುರವೇ. ಆದರೂ ತುಂಬಿದ ಅಡುಗೆ ಗ್ಯಾಸಿನ ಸಿಲಿಂಡರೊಂದು ಎರಡು ಕಾಲ ಮೇಲೆ ನಿಂತು ಓಡಾಡುತ್ತಿದೆ ಎಂದುಕೊಂಡರೆ ಆ ತೂಕದ ಅರಿವು ಬೇರೆಯಾಗಿ ಆಗುತ್ತದೆ. ಕೀಲುಗಳು ಮಣಿಯುವಂತಿದ್ದಷ್ಟೂ, ಕರೆಂಟು ನಿಂತ ಕ್ಷಣ ಎರಡು ಕಾಲಿನ ರೋಬೋ ಕುಸಿದು ಬೀಳುತ್ತದೆ. ಮನೆಯಲ್ಲಿ ಜನರೊಡನೆ ಬಾಳುವ ರೋಬೋಗಳ ಸುರಕ್ಷತೆಗಾಗಿ 2014ರಲ್ಲಿ ಬಂದ ಐಎಸ್‌ಒ 13482 ಮಾನದಂಡದ ಹಿಂದಿರುವುದು ಇಂಥ ಬಡಿತ, ಬೀಳು, ಸಿಕ್ಕಿಕೊಳ್ಳುವಿಕೆಗಳ ಚಿಂತೆಯೇ.

ಇನ್ನು ಬಿಸಿ. ಚೀಲವನ್ನು ಎತ್ತದೆ ಸುಮ್ಮನೆ ಹಿಡಿದು ನಿಂತರೆ ಭೌತಶಾಸ್ತ್ರದ ಲೆಕ್ಕದಲ್ಲಿ ಕೆಲಸವೇ ನಡೆದಿಲ್ಲ, ಆದರೆ ಮೋಟಾರಿಗೆ ಅದೇ ಅತ್ಯಂತ ಕಷ್ಟದ ಸ್ಥಿತಿ. ತಿರುಗುತ್ತಿರುವ ಮೋಟಾರು ತಾನೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿ ಒಳಬರುವ ಪ್ರವಾಹಕ್ಕೆ ಕಡಿವಾಣ ಹಾಕುತ್ತದೆ. ನಿಂತ ಮೋಟಾರಿಗೆ ಆ ಕಡಿವಾಣವಿಲ್ಲ, ಬೋರ್ಡ್ ಬಿಟ್ಟಷ್ಟೂ ಪ್ರವಾಹ ಒಳಗೆ ಬಂದು ತಾಮ್ರದಲ್ಲಿ ಬಿಸಿಯಾಗಿ ಕರಗುತ್ತದೆ. ನಮ್ಮ ರೋಬೋದ ಬದಿಯ ಬ್ರಷ್ಷಿಗೆ ಕೌದಿಯ ದಾರ ಸುತ್ತಿಕೊಂಡಾಗ ಆದದ್ದೂ ಇದೇ. ಬೋರ್ಡ್ ತಡವಾಗಿ ಎಚ್ಚೆತ್ತಿತ್ತು. ಈ ಬಿಸಿ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದೇ ಮೋಟಾರನ್ನಿಟ್ಟು ಗೇರನ್ನು ನೂರರಿಂದ ಏಳಕ್ಕೆ ಇಳಿಸಿದರೆ ಪ್ರವಾಹ ಹದಿನಾಲ್ಕು ಪಟ್ಟು, ಬಿಸಿ ಸುಮಾರು ಇನ್ನೂರು ಪಟ್ಟು. ಆದ್ದರಿಂದಲೇ ದೊಡ್ಡ ಮೋಟಾರು ಬೇಕು, ದೊಡ್ಡ ಮೋಟಾರಿಗೆ ತೂಕ ಬರುತ್ತದೆ, ತೂಕವನ್ನು ಹೊರಲು ಕಾಲಿನ ಮೋಟಾರು ಮತ್ತೆ ದೊಡ್ಡದಾಗಬೇಕು. ಮೇ ತಿಂಗಳ ಮುಂಬೈಯ ಅಡುಗೆಮನೆ ಈ ಲೆಕ್ಕಕ್ಕೆ ಏನನ್ನು ಸೇರಿಸುತ್ತದೆಂಬುದನ್ನು ಪ್ರದರ್ಶನದ ವಿಡಿಯೋಗಳು ತೋರಿಸುವುದಿಲ್ಲ. ಪಾತ್ರೆ ತೊಳೆಯಬೇಕಾದ ಕೈಗೆ ನೀರು ಹೋಗದಂತೆ ಮುಚ್ಚಳ ಹಾಕಬೇಕು. ನೀರನ್ನು ಹೊರಗಿಡುವ ಮುಚ್ಚಳ ಬಿಸಿಯನ್ನು ಒಳಗಿಡುತ್ತದೆ.

ಬಿಸಿಯ ಮಾತು ನೇರವಾಗಿ ಆಯಸ್ಕಾಂತಕ್ಕೆ ಬರುತ್ತದೆ, ಮತ್ತು ಅಲ್ಲಿಂದ ಬೀಜಿಂಗಿಗೆ. ಫ್ಯಾನಿಗೆ ಅಗ್ಗದ ಫೆರೈಟ್ ಆಯಸ್ಕಾಂತ ಸಾಕು; ಅದು ತುಕ್ಕಿನಂಥ ಕಬ್ಬಿಣದ ಆಕ್ಸೈಡಿನಿಂದ ಆದದ್ದು, ಎಲ್ಲ ಕಡೆ ಸಿಗುತ್ತದೆ, ಡಬ್ಬಿ ಒಂದಿಷ್ಟು ದೊಡ್ಡದಾದರೆ ಯಾರೂ ಗೊಣಗುವುದಿಲ್ಲ. ಭುಜದೊಳಗೆ ಅಂಥ ಧಾರಾಳ ಇಲ್ಲ. ಅಲ್ಲಿಗೆ ಫೆರೈಟಿಗಿಂತ ಸುಮಾರು ಹತ್ತು ಪಟ್ಟು ಶಕ್ತಿ ಹಿಡಿದಿಡುವ ನಿಯೋಡಿಮಿಯಂ-ಕಬ್ಬಿಣ-ಬೋರಾನ್ ಆಯಸ್ಕಾಂತ ಬೇಕು. ಇದನ್ನು 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾತೋ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟರ್ಸಿನ ವಿಜ್ಞಾನಿಗಳು ಬೇರೆಬೇರೆಯಾಗಿ ಕಂಡುಹಿಡಿದರು. ಇದರ ದೌರ್ಬಲ್ಯವೇ ಬಿಸಿ: ಸಾಮಾನ್ಯ ದರ್ಜೆಯದು 80 ಡಿಗ್ರಿ ದಾಟಿದರೆ ತನ್ನ ಗುಣವನ್ನು ಶಾಶ್ವತವಾಗಿ ಕಳೆದುಕೊಳ್ಳತೊಡಗುತ್ತದೆ, 150 ಡಿಗ್ರಿಯವರೆಗೂ ತಾಳಬೇಕಾದರೆ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಎಂಬ ಭಾರದ ವಿರಳ ಲೋಹಗಳನ್ನು ಚಿಟಿಕೆಯಷ್ಟು ಬೆರೆಸಬೇಕು. ಜಗತ್ತಿನಲ್ಲಿ ತಯಾರಾಗುವ ಇಂಥ ಆಯಸ್ಕಾಂತಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಚೀನಾದ್ದು. 2025ರ ಏಪ್ರಿಲ್ 4ರಂದು ಚೀನಾ ಏಳು ವಿರಳ ಲೋಹಗಳ ಮತ್ತು ಅವುಗಳಿಂದಾದ ಆಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ಆ ಪಟ್ಟಿಯಲ್ಲಿ ಈ ಎರಡೂ ಇದ್ದವು. ಅದೇ ತಿಂಗಳು ಈಲಾನ್ ಮಸ್ಕ್ ತಮ್ಮ ‘ಆಪ್ಟಿಮಸ್’ ರೋಬೋದ ಉತ್ಪಾದನೆಗೆ ಆಯಸ್ಕಾಂತದ ಅಭಾವ ತಟ್ಟಿದೆ ಎಂದರು. ಬಿಸಿ ಪುಣೆಗೂ ತಲುಪಿತು: ಅಲ್ಲಿ ವಿದ್ಯುತ್ ಸ್ಕೂಟರ್ ಮಾಡುವ ಬಜಾಜ್ ಆಟೋ, ಆಯಸ್ಕಾಂತ ಸಿಗದೆ ಆಗಸ್ಟಿನಲ್ಲಿ ಉತ್ಪಾದನೆ ಶೂನ್ಯಕ್ಕೆ ಇಳಿಯಬಹುದೆಂದು ಬಹಿರಂಗವಾಗಿಯೇ ಎಚ್ಚರಿಸಿತ್ತು. ಅಕ್ಟೋಬರಿನಲ್ಲಿ ಪ್ರಕಟಿಸಿದ ಇನ್ನಷ್ಟು ಬಿಗಿಯಾದ ನಿಯಮಗಳನ್ನು ಚೀನಾ ನವೆಂಬರಿನಲ್ಲಿ ಒಂದು ವರ್ಷದ ಮಟ್ಟಿಗೆ ತಡೆಹಿಡಿಯಿತು.

ನಮ್ಮ ಬಳಿ ಕಚ್ಚಾ ಮಾಲು ಇಲ್ಲವೆಂದಲ್ಲ. ಕೇರಳ, ತಮಿಳುನಾಡು, ಒಡಿಶಾಗಳ ಕಡಲ ಮರಳಿನಲ್ಲಿ ಮೊನಝೈಟ್ ಎಂಬ, ವಿರಳ ಲೋಹಗಳ ಅದಿರು ಇದೆ. ಅದನ್ನು ತೆಗೆದು ಸಂಸ್ಕರಿಸುವ ಸರ್ಕಾರಿ ಸಂಸ್ಥೆ ಐಆರ್‌ಇಎಲ್ 1950ರಿಂದ ಇದೆ, ಅದರ ಮುಖ್ಯ ಕಚೇರಿ ಇಲ್ಲೇ ಪ್ರಭಾದೇವಿಯಲ್ಲಿ, ಸಿದ್ಧಿವಿನಾಯಕ ಮಂದಿರದ ಎದುರು. ಮಂಗಳವಾರದ ಸರದಿಯಲ್ಲಿ ನಿಂತ ಎಷ್ಟು ಜನ ಆ ಫಲಕವನ್ನು ಓದಿದ್ದಾರೋ. ಆದರೆ ಮೊನಝೈಟಿನೊಳಗೆ ವಿಕಿರಣಶೀಲ ಥೋರಿಯಂ ಇರುವುದರಿಂದ ಅದರ ಗಣಿಗಾರಿಕೆ ಅಣುಶಕ್ತಿ ಇಲಾಖೆಯ ಹಿಡಿತದಲ್ಲಿ ಉಳಿಯಿತು. ನಮ್ಮ ಮರಳಿನಲ್ಲಿ ನಿಯೋಡಿಮಿಯಂ ಸಿಕ್ಕಷ್ಟು ಡಿಸ್ಪ್ರೋಸಿಯಂ ಸಿಗುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಪುಡಿಯಿಂದ ಆಯಸ್ಕಾಂತದವರೆಗಿನ ನಡುವಣ ಕಾರ್ಖಾನೆಗಳನ್ನು ನಾವು ದೊಡ್ಡ ಪ್ರಮಾಣದಲ್ಲಿ ಕಟ್ಟಲೇ ಇಲ್ಲ. ವಿಶಾಖಪಟ್ಟಣದಲ್ಲಿ 2023ರಲ್ಲಿ ಲೋಕಾರ್ಪಣೆಯಾದ ಘಟಕ ಸಮೇರಿಯಂ-ಕೋಬಾಲ್ಟ್ ಆಯಸ್ಕಾಂತಗಳದ್ದು, ಅದೂ ಸಣ್ಣದು. 2025ರ ನವೆಂಬರ್ 26ರಂದು ಕೇಂದ್ರ ಸಂಪುಟ 7,280 ಕೋಟಿ ರೂಪಾಯಿಯ ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ 6,000 ಟನ್ ಆಯಸ್ಕಾಂತ ತಯಾರಿಸುವ ಸಾಮರ್ಥ್ಯ ಅದರ ಗುರಿ, ಕಾರ್ಖಾನೆ ಕಟ್ಟಲು ಎರಡು ವರ್ಷ, ಆಮೇಲಿನ ಐದು ವರ್ಷ ಮಾರಾಟದ ಮೇಲೆ ಪ್ರೋತ್ಸಾಹಧನ. ಅಷ್ಟರವರೆಗೆ ಈ ದೇಶದಲ್ಲಿ ಜೋಡಿಸುವ ಯಾವ ರೋಬೋದ ಭುಜವೂ ಹೊರಗಿನ ಆಯಸ್ಕಾಂತದ ಮೇಲೆಯೇ ತೂಗಬೇಕು.

ಇದೆಲ್ಲವನ್ನೂ ಇಟ್ಟುಕೊಂಡು ಮನೆಯೊಳಗೆ ನೋಡೋಣ. ನಿಯೋದ 20,000 ಡಾಲರ್ ಎಂದರೆ ಸುಂಕವನ್ನು ಬಿಟ್ಟೇ ಹದಿನೇಳು ಲಕ್ಷ ರೂಪಾಯಿಯ ಮೇಲೆ. ತಿಂಗಳ 499 ಡಾಲರ್ ಎಂದರೆ ನಲವತ್ತು ಸಾವಿರ ದಾಟುತ್ತದೆ. ನಮ್ಮ ಕಟ್ಟಡದಲ್ಲಿ ಝಾಡೂ-ಕಟ್ಕಾ (ಗುಡಿಸಿ ಒರೆಸುವುದು), ಭಾಂಡಿ (ಪಾತ್ರೆ), ಬಟ್ಟೆ ಎಲ್ಲ ಸೇರಿಸಿಯೂ ಕೆಲಸದವರಿಗೆ ಅದರ ಕಾಲು ಪಾಲು ಕೊಡುವ ಮನೆ ನನಗೆ ಗೊತ್ತಿಲ್ಲ. ಕೆಲಸಕ್ಕೆ ಬರುವ ಹೆಂಗಸರಲ್ಲಿ ಕಲಬುರಗಿ, ಯಾದಗಿರಿ ಕಡೆಯವರೂ ಇದ್ದಾರೆ, ಮೆಟ್ಟಿಲ ಮೇಲೆ ಸಿಕ್ಕಾಗ "ಊಟ ಆತೇನ್ರಿ" ಎಂದು ಕೇಳಿಯೇ ಮುಂದೆ ಹೋಗುತ್ತಾರೆ. ಮಹಾರಾಷ್ಟ್ರ 2008ರಲ್ಲೇ ಮನೆಗೆಲಸದವರ ಕಲ್ಯಾಣ ಮಂಡಳಿಗಾಗಿ ಕಾಯ್ದೆ ಮಾಡಿದ್ದರೂ ಅವರ ಕೂಲಿ ಇಂದಿಗೂ ಮನೆಯವರ ಚೌಕಾಸಿಯಲ್ಲೇ ನಿರ್ಧಾರವಾಗುತ್ತದೆ. ರೋಬೋ ಬಂದು ಅವರ ಕೆಲಸ ಕಿತ್ತುಕೊಳ್ಳುತ್ತದೆಂಬ ಭಯ ಈ ಬೆಲೆಗಳ ಎದುರು ಸದ್ಯಕ್ಕೆ ದೂರದ ಮಾತು. ಕೂಲಿ ಕಡಿಮೆಯಿರುವುದೇ ರೋಬೋಗೆ ಅಡ್ಡಿ ಎಂಬುದು ನೆಮ್ಮದಿ ಪಡುವ ಸಂಗತಿಯೂ ಅಲ್ಲ.

ಕಸ ಗುಡಿಸುವ ರೋಬೋ ಇದಕ್ಕೆ ಹೊರತು, ಅದು ಆಗಲೇ ಬಂದು ಮಂಚದ ಕೆಳಗೆ ಸೇರಿಕೊಂಡಿದೆ. ಅದಕ್ಕೆ ಬೇಕಾದ ಟಾರ್ಕ್ ಕಡಿಮೆ, ಗಾಲಿಗೆ ಅಗ್ಗದ ಕಾರ್ಬನ್ ಮೋಟಾರು ಸಾಕು, ಕೆಟ್ಟರೆ ನಿಂತಲ್ಲೇ ನಿಲ್ಲುತ್ತದೆ ಹೊರತು ಯಾರ ಮೇಲೂ ಬೀಳುವುದಿಲ್ಲ. ಅದರ ಮಿತಿಯೂ ಮೋಟಾರಿನದೇ: ಸಾಮಾನ್ಯವಾಗಿ ಎರಡು ಸೆಂಟಿಮೀಟರಿನ ಅಂಚನ್ನು ಹತ್ತಬಲ್ಲ ಯಂತ್ರ ನಮ್ಮ ಬಚ್ಚಲುಮನೆಯ ಕಲ್ಲಿನ ಹೊಸ್ತಿಲ ಎದುರು ದಿನಾ ಮೂರು ಬಾರಿ ಹಣೆ ಹಚ್ಚಿ ಹಿಂದಿರುಗುತ್ತದೆ. ಮುಂದಿನ ಹತ್ತು ವರ್ಷ ನಮ್ಮ ಮನೆಗಳಿಗೆ ಬರುವುದು ಇಂಥ, ಒಂದೊಂದೇ ಕೆಲಸದ, ನೆಲಕ್ಕೆ ಅಥವಾ ಅಡುಗೆ ಕಟ್ಟೆಗೆ ಅಂಟಿಕೊಂಡ ಯಂತ್ರಗಳೇ ಎಂದು ನಾನು ಅಂದಾಜಿಸುತ್ತೇನೆ. ಕೈಕಾಲಿನ ರೋಬೋ ಮೊದಲು ಆಸ್ಪತ್ರೆ, ಗೋದಾಮುಗಳಂಥ ಸಮತಟ್ಟಾದ ನೆಲಗಳಲ್ಲಿ ತನ್ನ ಬಿಸಿಯನ್ನೂ ಬೆಲೆಯನ್ನೂ ಆರಿಸಿಕೊಳ್ಳಬೇಕು.

ಬಂದ ಯಂತ್ರ ಎಷ್ಟು ದಿನ ಇರುತ್ತದೆಂಬುದು ಬೇರೆ ಪ್ರಶ್ನೆ, ಮತ್ತು ನನ್ನ ದೃಷ್ಟಿಯಲ್ಲಿ ಬೆಲೆಗಿಂತ ದೊಡ್ಡದು. ರೂಂಬಾ ಮಾಡಿದ ಐರೋಬೋಟನ್ನು ಕೊಳ್ಳಲು ಅಮೆಜಾನ್ 2022ರಲ್ಲಿ ಮುಂದಾಗಿ 2024ರ ಜನವರಿಯಲ್ಲಿ ಕೈಬಿಟ್ಟಿತು. 2025ರ ಡಿಸೆಂಬರಿನಲ್ಲಿ ಆ ಕಂಪನಿ ದಿವಾಳಿ ರಕ್ಷಣೆ ಕೋರಿ, ತನಗೆ ಯಂತ್ರ ತಯಾರಿಸಿಕೊಡುತ್ತಿದ್ದ ಚೀನಾದ ಸಂಸ್ಥೆಯ ಕೈಸೇರಲು ಒಪ್ಪಿತು. ಈ ಉದ್ಯಮವನ್ನು ಹುಟ್ಟುಹಾಕಿದವರ ಪಾಡೇ ಹೀಗಾದರೆ, ಸಣ್ಣ ಹೆಸರುಗಳ ಯಂತ್ರ ಕೊಂಡವರಿಗೆ ಐದು ವರ್ಷದ ಮೇಲೆ ಬಿಡಿಭಾಗ ಯಾರು ಕೊಡುತ್ತಾರೆ? ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಕೊನೆಯಲ್ಲಿ ರಿಪೇರಿ ಹಕ್ಕಿನ ಪೋರ್ಟಲನ್ನು ತೆರೆದಿದೆ, ಆದರೆ ಅದರಲ್ಲಿ ಕಂಪನಿಗಳು ತಾವಾಗಿ ಕೊಟ್ಟ ಮಾಹಿತಿಯಷ್ಟೇ ಇರುತ್ತದೆ. ಬಿಎಲ್‌ಡಿಸಿ ಫ್ಯಾನ್ ಬಂದ ಮೇಲೆ ವೈಂಡಿಂಗ್ ಅಂಗಡಿಗಳು ಇದರ ರುಚಿಯನ್ನು ಆಗಲೇ ನೋಡಿವೆ. "ಕಾಯಿಲ್ ಸುಡೂದೇ ಇಲ್ರಿ ಈಗ," ಎಂದರು ನಮ್ಮವರು. "ಬೋರ್ಡ್ ಹೋಗ್ತೈತಿ. ಬೋರ್ಡ್ ಹ್ವಾದ್ರ ಕಂಪನಿಗೇ ಕೇಳಬೇಕು." ಮೂರು ತಂತಿಯ ಆ ಮೋಟಾರಿನ ಸುರುಳಿಯನ್ನು ಅವರು ಕಟ್ಟಬಲ್ಲರು, ಅದಕ್ಕೆ ಯಾವಾಗ ಎಷ್ಟು ಪ್ರವಾಹ ಕೊಡಬೇಕೆಂಬ ಲೆಕ್ಕ ಮಾತ್ರ ಬೋರ್ಡಿನ ಚಿಪ್‌ನೊಳಗಿದೆ, ಅದಕ್ಕೆ ಬೀಗವಿದೆ. ಮನುಷ್ಯಾಕಾರದ ರೋಬೋದಲ್ಲಿ ಇಂಥ ಬೀಗ ಹಾಕಿದ ಕೀಲುಗಳು ಇಪ್ಪತ್ತಕ್ಕೂ ಹೆಚ್ಚು, ಎಲ್ಲವೂ ‘ನಮ್ಮದಲ್ಲ’ ಎಂಬ ಪಟ್ಟಿಯವು.

ನಮ್ಮ ಯಂತ್ರದಲ್ಲಿ ಕೆಟ್ಟದ್ದು ಐದರಲ್ಲಿ ಒಂದಾದ್ದರಿಂದ ಕೆಲಸ ಸುಲಭವಾಯಿತು. ಬೆರಳ ತುದಿಯಷ್ಟು ದೊಡ್ಡ ಆ ಮೋಟಾರಿನ ಅಳತೆಯನ್ನು ಅವರು ಚೀಟಿಯಲ್ಲಿ ಬರೆದುಕೊಂಡು, ಮೂರು ದಿನ ಬಿಟ್ಟು ಲ್ಯಾಮಿಂಗ್ಟನ್ ರೋಡಿನಿಂದ ಅದೇ ಗಾತ್ರದ್ದೊಂದನ್ನು ತಂದರು. ಹಳೆಯ ಹಲ್ಲಿನ ಚಕ್ರವನ್ನು ಕಿತ್ತು ಹೊಸದರ ತುದಿಗೆ ಒತ್ತಿ ಕೂರಿಸಿ, ಎರಡು ತಂತಿ ಬೆಸೆದು, ಅಂಗಡಿಯ ನೆಲದ ಮೇಲೇ ಯಂತ್ರವನ್ನು ಬಿಟ್ಟರು. ಬ್ರಷ್ಷು ತಿರುಗಿತು, ಆದರೆ ಉಲ್ಟಾ. ಮೂಲೆಯ ಕಸವನ್ನು ಒಳಗೆ ಎಳೆಯುವ ಬದಲು ಹೊರಗೆ ಎರಚತೊಡಗಿತು. ಅವರು ನಕ್ಕು, ಯಂತ್ರವನ್ನು ಮಗುಚಿ ಹಾಕಿ, ಎರಡು ತಂತಿಗಳನ್ನು ಅದಲುಬದಲು ಮಾಡಿ ಮತ್ತೆ ಬೆಸೆದರು.